ಉಪ್ಪಿಲ್ಲದ ಮೇಷ್ಟ್ರು

ಫೆಬ್ರವರಿ 9, 2009, ಸೋಮವಾರ

ದಿನಚರಿ ಬರೆಯಿರಿ ಎಂದು ಡಾಕ್ಟರು ಹೇಳಿಲ್ಲ. ದಿನಾ ತೂಕ ಮತ್ತು ಬಿಪಿ ಬರೆದಿಡಿ ಎಂದರು, ಅಷ್ಟೆ. ಆದರೆ ಮೇಷ್ಟರ ಕೈಗೆ ಪೆನ್ನು ಕೊಟ್ಟರೆ ಅದು ಎರಡು ಅಂಕಿಗೆ ನಿಲ್ಲುತ್ತದೆಯೇ?

ದೀಪಾವಳಿಯ ಹೊತ್ತಿಗೇ ಕಾಲು ಊದಲು ಶುರುವಾಗಿತ್ತು. ಮದುವೆಯಾಗಿ ಎರಡು ವರ್ಷ, ಹೆಂಡತಿ ನೀತಾಳ ಅಡುಗೆ ಮೈಗೆ ಹತ್ತಿದೆ ಎಂದುಕೊಂಡೆ. ಹೆತ್ತ ಆಯಿಯಂತೂ ನಮ್ಮೂರು ಹಾರವಾಡದ ಕೇರಿಗೆಲ್ಲ ಹೇಳಿಕೊಂಡು ಬಂದಳು, "ನಮ್ಮ ಕಿಶೋರ ಈಗ ಮೈ ಹಿಡ್ದ" ಎಂದು. ಮೂತ್ರದಲ್ಲಿ ನೊರೆ ಬರುತ್ತಿತ್ತು. ಅದನ್ನೂ ನಾನು ಪುರುಷಶಕ್ತಿಯ ಲಕ್ಷಣವೆಂದು ತಿಳಿದು ಒಳಗೊಳಗೇ ಬೀಗಿದ್ದೆ. ಅಂಕೋಲೆಯ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ಮನುಷ್ಯ ನಾನು. ಚಪ್ಪಲಿ ಕಾಲಿಗೆ ಹಿಡಿಯದಾದಾಗ ಮಾತ್ರ ಮಂಗಳೂರಿಗೆ ಹೋದೆ.

ಅಲ್ಲಿ ಬೆನ್ನಿನಿಂದ ಸೂಜಿ ಹಾಕಿ ಕಿಡ್ನಿಯ ಒಂದು ಎಳೆ ತೆಗೆದರು. ಇವತ್ತು ಡಾ. ವಿಜೇತಾ ಅದರ ಚಿತ್ರ ತೋರಿಸಿದರು. ಕಪ್ಪು ತೆರೆಯ ಮೇಲೆ ಹಸಿರು ಚುಕ್ಕೆಗಳು, ಕೆಲವು ರಾತ್ರಿ ನಮ್ಮ ಕಡಲ ನೀರು ಮಿನುಗುತ್ತದಲ್ಲ, ಹಾಗೆ. ಚೆನ್ನಾಗಿದೆ ಎಂದೆ.

"ಚೆನ್ನಾಗಿಲ್ಲ ಕಿಶೋರ್. ಇವೆಲ್ಲ ಬಾಣಗಳು. ನಿಮ್ಮ ದೇಹದ ರಕ್ಷಣಾ ಪಡೆ ನಿಮ್ಮದೇ ಕಿಡ್ನಿಯ ಮೇಲೆ ಬಿಟ್ಟಿದ್ದು."

"ಎಂತಕ್ಕೆ? ಯಾವ ಗುರಿಗೆ?"

"ಅದೇ ಗೊತ್ತಿಲ್ಲ. ಸೋಸುವ ಜಾಗದಲ್ಲಿ ಏನನ್ನೋ ಶತ್ರು ಅಂತ ತಿಳಿದಿದೆ. ಆ ಏನೋ ಯಾವುದು ಅಂತ ಪ್ರಪಂಚದಲ್ಲಿ ಇನ್ನೂ ಯಾರೂ ಹೇಳಿಲ್ಲ. ನಾವೂ ಹುಡುಕ್ತಾ ಇದ್ದೇವೆ. ನಿಮ್ಮ ರಕ್ತ ಸ್ವಲ್ಪ ಅದಕ್ಕೂ ಕೊಡ್ತೀರಾ?"

ಕೊಟ್ಟೆ. ಪ್ರಪಂಚಕ್ಕೇ ಗೊತ್ತಿಲ್ಲದ ರೋಗ ಬಂದಿದೆಯೆಂದು ಸ್ವಲ್ಪ ಜಂಬವೂ ಆಯಿತು. ಹಿಂದಿರುಗುವ ರೈಲಿನಲ್ಲಿ ಹೆಂಡತಿ ಅತ್ತಳು. ನಾನು ಅವಳಿಗೆ ಆ ಬಾಣದ, ಅಂದರೆ ಪ್ರತಿಕಾಯದ ಬಗ್ಗೆ ಕುಂದಾಪುರದವರೆಗೆ ಪಾಠ ಮಾಡಿದೆ.

ಫೆಬ್ರವರಿ 12, ಗುರುವಾರ

ಎಂಟನೇ ತರಗತಿಗೆ "ಬಿಳಿ ರಕ್ತಕಣಗಳು ನಮ್ಮ ಸೈನಿಕರು" ಪಾಠ ಇತ್ತು. ಪ್ರತಿವರ್ಷ ಇದನ್ನು ನಾಟಕ ಮಾಡಿಸಿ ಕಲಿಸುತ್ತೇನೆ. ಅರ್ಧ ಮಕ್ಕಳು ಕ್ರಿಮಿಗಳು, ಅರ್ಧ ಸೈನಿಕರು, ದಂಡನಾಯಕ ನಾನೇ. ಕೊನೆಯಲ್ಲಿ ಮೇಜಿನ ಮೇಲೆ ಗುದ್ದಿ "ನಮ್ಮ ಸೈನಿಕರು ಎಂದೂ ತಪ್ಪು ಮಾಡುವುದಿಲ್ಲ!" ಎನ್ನುವುದು ವಾಡಿಕೆ. ಇವತ್ತು ಮೇಜು ಗುದ್ದಿದೆ, ಮಾತು ಹೊರಡಲಿಲ್ಲ. ಮಕ್ಕಳು ಕಾದು ಕಾದು ತಾವೇ ಹೇಳಿ ಮುಗಿಸಿದರು.

ಹೆಡ್‌ಮಾಸ್ಟರ್ ದೇವಾನಂದರಿಗೆ ವಿಷಯ ಹೇಳಿದೆ. ಅವರ ಊರು ಚೆಂಡಿಯಾ, ನೌಕಾನೆಲೆಗೆ ಜಮೀನು ಹೋದ ಮನೆ. "ಕಾಯೂಕೆ ಬಂದವ್ರಿಗೆ ಮನೆ ಬಿಟ್ಟುಕೊಟ್ಟು ನಮಗೆ ರೂಢಿ ಅದೆ ಕಿಶೋರಾ, ನಿಂಗೆ ಹೊಸತು" ಎಂದು ನಕ್ಕರು. ಆಮೇಲೆ ಭುಜ ಹಿಡಿದು ಬಾಗಿಲವರೆಗೆ ಬಂದರು.

ಫೆಬ್ರವರಿ 20, ಶುಕ್ರವಾರ

ಎಲ್ಲಕ್ಕಿಂತ ದೊಡ್ಡ ಆಜ್ಞೆ: ಉಪ್ಪು ಬಿಡಬೇಕು. ಉಪ್ಪು ಹೆಚ್ಚಾದರೆ ಮಾತ್ರೆ ನಾಟುವುದಿಲ್ಲ, ಊತ ಇಳಿಯುವುದಿಲ್ಲ.

ಇದನ್ನು ಹೇಳಿದ್ದು ಯಾರಿಗೆ? ಹಾರವಾಡದ ಮೀನುಗಾರರ ಮನೆಯವನಿಗೆ. ಒಣಮೀನಿಲ್ಲದ ಅಟ್ಟ ನಮ್ಮಲ್ಲಿ ಅಟ್ಟವೇ ಅಲ್ಲ. ಅಜ್ಜ ಉಪ್ಪಿನ ಸತ್ಯಾಗ್ರಹದಲ್ಲಿ ಲಾಠಿ ಏಟು ತಿಂದು ಜೈಲಿಗೆ ಹೋದವನು. ಅಜ್ಜ ಉಪ್ಪಿಗಾಗಿ ಸರ್ಕಾರವನ್ನು ಎದುರಿಸಿದ, ಮೊಮ್ಮಗ ಉಪ್ಪಿಗಾಗಿ ಹೆಂಡತಿಯನ್ನು ಎದುರಿಸಬೇಕಾಗಿದೆ.

ಆದರೆ ಆಯಿ ಧೈರ್ಯ ಹೇಳಿದಳು. "ತಮಾ, ನಮ್ಮದು ಅಜ್ಜ ತೋಡ್ಸಿದ ಬಾವಿ. ಅದ್ರ ನೀರಿಗೇ ರುಚಿ ಅದೆ. ಗಂಜಿಗೆ ಉಪ್ಪು ಎಂತಕ್ಕೆ?" ನಿಜವೇ. ಉಪ್ಪು ಹಾಕದ ಗಂಜಿ ಉಂಡು ನೋಡಿದೆ, ಎಷ್ಟು ರುಚಿ! ತಾಯಿಯ ಕೈಗುಣಕ್ಕೆ ಯಾವ ವಿಜ್ಞಾನವೂ ಸಾಟಿಯಿಲ್ಲ. ಇನ್ನು ಮೂರು ಹೊತ್ತೂ ಗಂಜಿಯೇ, ತಿಳಿ ಸಮೇತ.

ಬೇಲಿಯಾಚೆಯ ಕುಪ್ಪ ಮಾಮ ಮಾತ್ರ ಗೋಳಾಡುತ್ತಿದ್ದ. ಕಳೆದ ಮಳೆಗಾಲದಲ್ಲಿ ಹಿನ್ನೀರಿನ ಕಟ್ಟು ಒಡೆದು ಅವನ ಗದ್ದೆಗೆ ಸಮುದ್ರದ ನೀರು ನುಗ್ಗಿತ್ತು, ಈಗ ಅವನ ಬಾವಿಯೂ ಸವಳಾಗಿದೆಯಂತೆ. ಪಾಪ. ಒಂದೊಂದು ಬಾವಿಯ ಹಣೆಬರಹ. ಹೆಂಡತಿಯೂ ನೀರಿನ ವಿಷಯ ಏನೋ ಗೊಣಗುತ್ತ ಬಂದಳು. ನಾನು ಬಿಪಿ ನೋಡಿಕೊಳ್ಳುತ್ತಿದ್ದೆ, ಪೂರ್ತಿ ಕೇಳಲಿಲ್ಲ.

ಮಾರ್ಚ್ 3, ಮಂಗಳವಾರ

ಮಾನ ಹೋಯಿತು. ಅಟ್ಟದ ಮೇಲಿನ ಡಬ್ಬಿಯಿಂದ ಒಣ ಸೀಗಡಿಯ ಚಟ್ನಿ ಕದ್ದು ತಿಂದೆ. ಒಂದೇ ಚಿಟಿಕೆ ಎಂದು ಹತ್ತಿದವನು ತಳ ಕಾಣುವವರೆಗೆ ಇಳಿಯಲಿಲ್ಲ. ಕೆಳಗೆ ಬಂದು ಗಂಭೀರವಾಗಿ ಪತ್ರಿಕೆ ಹಿಡಿದು ಕೂತೆ. ಹೆಂಡತಿ ಹತ್ತಿರ ಬಂದು ನನ್ನ ಮೀಸೆಯಿಂದ ಒಂದು ಸೀಗಡಿಯ ಮೀಸೆಯನ್ನು ಹೆಕ್ಕಿ ತೆಗೆದಳು.

"ಇದು ಯಾರದ್ದು?" ಎಂದಳು.

ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಆಣೆ ಹಾಕಿದೆ. ಈ ಬಾರಿ ನಿಜವಾಗಿಯೂ ಮುಟ್ಟುವುದಿಲ್ಲ. ಆದರೆ ಕಳ್ಳನೆಂಬ ಹೆಸರು ಬಂದಾಯಿತು, ಅದು ಈಗ ಕೇರಿಯ ದಾಖಲೆಯಲ್ಲಿದೆ.

ಮಾರ್ಚ್ 18, ಬುಧವಾರ

ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ತುಂಬಿ ಮಂಗಳೂರಿಗೆ ಒಯ್ಯಬೇಕಿತ್ತು. ಹಾರವಾಡ ಸ್ಟೇಷನ್ನಿನಲ್ಲಿ ಹತ್ತಿದ್ದು ಗೋವಾದಿಂದ ಬರುವ ಗಾಡಿ. ಗೋವಾದ ಮದ್ಯದ ಬಾಟಲಿ ಹುಡುಕುವ ಪೊಲೀಸನೊಬ್ಬ ಬೋಗಿಯಲ್ಲೇ ಇದ್ದ. ನನ್ನ ಕಾಲಡಿಯ ಕ್ಯಾನಿನ ಮೇಲೆ ಅವನ ಕಣ್ಣು ಬಿತ್ತು.

"ಗೋವಾ ಮಾಲಾ?"

"ಅಲ್ಲ ಸರ್. ಹಾರವಾಡದ್ದು."

"ಓಹೋ, ಮನೆಯಲ್ಲೇ ತಯಾರಿ?"

"ಹೌದು ಸರ್. ನಾನೇ."

ವಿವರಿಸುವ ಮೊದಲೇ ಮುಚ್ಚಳ ತೆಗೆದು ಮೂಸಿದ. ಆಮೇಲೆ ಬಹಳ ಮರ್ಯಾದೆಯಿಂದ ಮುಚ್ಚಿ, ಎರಡೇ ಬೆರಳಿನಲ್ಲಿ ನನ್ನ ಕಡೆ ತಳ್ಳಿ, ಮುಂದಿನ ಬೋಗಿಗೆ ಹೋದ. ಭಟ್ಕಳದವರೆಗೆ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ, ಕಾಲು ಚಾಚಿಕೊಂಡು ಹೋದೆ.

ನಗು ಅಲ್ಲಿಗೇ ಮುಗಿಯಿತು. ಡಾ. ವಿಜೇತಾ ವರದಿ ನೋಡಿ ಕನ್ನಡಕ ತೆಗೆದಿಟ್ಟರು.

"ಪ್ರೋಟೀನು ಹಾಗೇ ಸೋರ್ತಾ ಇದೆ. ಉಪ್ಪಿನ ಅಂಶ ನೋಡಿ, ಪಥ್ಯವೇ ಮಾಡದವರಲ್ಲಿ ಇರುವಷ್ಟಿದೆ."

"ನಾನು ಉಪ್ಪು ತಿನ್ನುತ್ತಿಲ್ಲ ಡಾಕ್ಟ್ರೇ."

"ಎಲ್ಲರೂ ಹಾಗೇ ಹೇಳ್ತಾರೆ. ಮೂತ್ರ ಮಾತ್ರ ಸುಳ್ಳು ಹೇಳೋದಿಲ್ಲ."

ಆಮೇಲೆ ವಿಷಯ ಬಿಡಿಸಿ ಹೇಳಿದರು. ಬಾಣ ತಯಾರಿಸುವ ಕಾರ್ಖಾನೆಗೆ ಬಿ ಕೋಶ ಎಂದು ಹೆಸರು. ಹಳೆಯ ಮಾತ್ರೆಗಳು ನಮ್ಮ ರಂಪಣಿ ಬಲೆಯ ಹಾಗೆ, ಬೇಕಾದ್ದು ಬೇಡಾದ್ದು ಎಲ್ಲ ಕೋಶಗಳನ್ನೂ ಬಾಚುತ್ತವೆ. ಈಗ ಬಿ ಕೋಶವನ್ನಷ್ಟೇ ಗುರುತಿಸಿ ಹೊಡೆಯುವ ಇಂಜೆಕ್ಷನ್ ಒಂದಿದೆ. ಅದನ್ನು ಈ ರೋಗಕ್ಕೆ ಕೊಟ್ಟು ನೋಡುವ ಅಧ್ಯಯನ ಅವರಲ್ಲಿ ಶುರುವಾಗುತ್ತಿದೆ. ಜಾಗ ಕೆಲವೇ. ನನ್ನ ಕಿಡ್ನಿ ಇದೇ ವೇಗದಲ್ಲಿ ಹಾಳಾದರೆ ಮುಂದೆ ರಕ್ತ ಸೋಸುವ ಯಂತ್ರವೇ ಗತಿ.

"ಸೇರಿಸಿಕೊಳ್ಳಿ" ಎಂದೆ.

"ಪಥ್ಯ ಮಾಡದವರನ್ನು ಸೇರಿಸಿದರೆ ಔಷಧಿ ಸೋತಿತೋ ರೋಗಿ ಸೋಲಿಸಿದರೋ ಅಂತ ನನಗೆ ತಿಳಿಯೋದು ಹೇಗೆ? ಮೇ ತಿಂಗಳ ಕೊನೆಯವರೆಗೆ ಸಮಯ ಇದೆ. ಉಪ್ಪು ಇಳಿಸಿ ತೋರಿಸಿ." ಸದ್ಯಕ್ಕೆ ಸ್ಟಿರಾಯ್ಡ್ ಮಾತ್ರೆ ಬರೆದುಕೊಟ್ಟರು. ಸ್ವಲ್ಪ ಹಸಿವು, ಸ್ವಲ್ಪ ಸಿಟ್ಟು ಬರಬಹುದು ಎಂದರು. ನನ್ನಂಥ ಶಾಂತ ಮನುಷ್ಯನಿಗೆ ಸಿಟ್ಟು ಎಲ್ಲಿಂದ ಬರಬೇಕು!

ಮಾರ್ಚ್ 24, ಮಂಗಳವಾರ

ಮಾತ್ರೆ ಅದ್ಭುತವಾಗಿದೆ. ನಿದ್ದೆಯೇ ಬೇಡ. ಇವತ್ತು ಬೆಳಗಾಗುವುದರೊಳಗೆ ಉತ್ತರಪತ್ರಿಕೆ ತಿದ್ದಿದೆ, ಸೈಕಲ್ಲು ತೊಳೆದೆ, ಆಯಿಯ ಎಲೆಯಡಿಕೆ ಪೆಟ್ಟಿಗೆಯನ್ನು ಅಕಾರಾದಿಯಾಗಿ ಜೋಡಿಸಿದೆ. ಆಯಿ ಸುಣ್ಣ ಹುಡುಕುತ್ತ ಅರ್ಧ ತಾಸು ಕಳೆದಳು. ಜನ ಯಾಕೆ ಇಷ್ಟು ನಿಧಾನ ಮಾತಾಡುತ್ತಾರೋ ತಿಳಿಯುವುದಿಲ್ಲ. ಹೆಂಡತಿಯಂತೂ ಒಂದು ವಾಕ್ಯ ಮುಗಿಸುವುದರೊಳಗೆ ನಾನು ಅದಕ್ಕೆ ಮೂರು ಉತ್ತರ ಕೊಟ್ಟಿರುತ್ತೇನೆ, ಆದರೂ ಅವಳ ಮುಖ ಗಂಟು.

ಮುಖ್ಯ ವಿಷಯ. ನಾನು ತಿನ್ನದ ಉಪ್ಪು ನನ್ನೊಳಗೆ ಹೇಗೆ ಹೋಯಿತು? ತಾರ್ಕಿಕವಾಗಿ ಯೋಚಿಸಿದೆ. ನಾನು ಕದಿಯುತ್ತಿಲ್ಲ. ಅಂದರೆ ಯಾರೋ ಹಾಕುತ್ತಿದ್ದಾರೆ. ನನ್ನ ಪಲ್ಯ, ಸಾರು ಬೇರೆ ಮಾಡುವವಳು ಯಾರು? ಇವಳು. ಇವಳಿಗೆ ಕರುಣೆ ಜಾಸ್ತಿ. ನಾನು ಮೊನ್ನೆ ಸಪ್ಪೆ ಪಲ್ಯ ತಿನ್ನುವಾಗ ಅವಳು "ಪಾಪ" ಎಂದದ್ದು ನನಗೆ ನೆನಪಿದೆ. ಕರುಣೆ ಬಂದಾಗ ಹೆಂಗಸರ ಕೈ ತಾನಾಗಿಯೇ ಉಪ್ಪಿನ ಭರಣಿಗೆ ಹೋಗುತ್ತದೆ. ಇದು ನನ್ನ ಸಿದ್ಧಾಂತ. ಸಿದ್ಧಾಂತವಿದ್ದರೆ ಪ್ರಯೋಗವೂ ಬೇಕು. ಉಪ್ಪಿನ ಭರಣಿಯ ಹೊರಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ.

ಮಾರ್ಚ್ 26, ಗುರುವಾರ

ಭರಣಿಯ ಉಪ್ಪು ಗೆರೆಯಿಂದ ಬಹಳ ಕೆಳಗೆ ಹೋಗಿದೆ! ಆಯಿ ಮಾವಿನ ಮಿಡಿಗೆ ಹಾಕಿದೆ ಎನ್ನುತ್ತಾಳೆ. ಸೊಸೆಯನ್ನು ಉಳಿಸಲು ನೋಡುತ್ತಿದ್ದಾಳೆ. ಅತ್ತೆ ಸೊಸೆ ಒಂದಾದರೆ ಗಂಡಸಿನ ಕಿಡ್ನಿಯ ಗತಿ ಏನು?

ಮಾರ್ಚ್ 27, ಶುಕ್ರವಾರ, ಯುಗಾದಿ

ಊಟಕ್ಕೆ ಕೂತಾಗ ಇವಳನ್ನು ಕೇಳಿಯೇಬಿಟ್ಟೆ. ಬಹಳ ಸಮಾಧಾನದಿಂದ ಕೇಳಿದೆ. ಕುಪ್ಪ ಮಾಮ ಬೇಲಿಯಾಚೆಯಿಂದ ಓಡಿಬಂದದ್ದು ಯಾಕೋ ಗೊತ್ತಿಲ್ಲ.

"ನಾನು ಹಾಕುದಿಲ್ಲ. ನಿಮ್ಮ ಪಲ್ಯ ನಾನೇ ತಿಂದು ನೋಡ್ತೆ, ಬಾಯಿಗೆ ಹಾಕೂಕೆ ಆಗುದಿಲ್ಲ, ಅಷ್ಟು ಸಪ್ಪೆ" ಎಂದಳು.

"ಹಾಗಾದ್ರೆ ಉಪ್ಪು ಆಕಾಶದಿಂದ ಬಿತ್ತೋ?"

"ನಿಮ್ಮ ಮೀಸೆಗೇ ಕೇಳಿ."

"ನನ್ನನ್ನ ಕೊಲ್ಲೂಕೆ ನೋಡ್ತಿದ್ದೀಯ" ಎಂದೆ. ಬಾಯಿಂದ ಬಂದುಹೋಯಿತು.

ಅವಳು ನನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆಯಿ ಬೇವು ಬೆಲ್ಲದ ಬಟ್ಟಲು ಹಿಡಿದು ನಿಂತೇ ಇದ್ದಳು.

ಮಾರ್ಚ್ 28

ಇವಳು ದೇವಬಾಗಕ್ಕೆ ಹೋದಳು, ತವರಿಗೆ. ಹೋಗಲಿ. ಈಗ ಪ್ರಯೋಗ ಶುದ್ಧವಾಗುತ್ತದೆ.

ಏಪ್ರಿಲ್ 5, ಭಾನುವಾರ

ಅಡುಗೆ ಪೂರ್ತಿ ನನ್ನದೇ. ಉಪ್ಪಿನ ಭರಣಿಯನ್ನು ಕುಪ್ಪ ಮಾಮನ ಮನೆಗೆ ಗಡೀಪಾರು ಮಾಡಿದ್ದೇನೆ. ಸೋರೆಕಾಯಿ ಬೇಯಿಸಿದರೆ ಸೋರೆಕಾಯಿಯೇ, ಅದಕ್ಕೆ ಬೇರೆ ಹೆಸರಿಲ್ಲ. ಮೊದಲ ದಿನ ಅನ್ನ ತಳ ಹತ್ತಿತು. ಎರಡನೆಯ ದಿನ ಅದು ನೀರಾಗಿ ತಾನಾಗಿಯೇ ಗಂಜಿಯಾಯಿತು. ಹಾಗಾಗಿ ಈಗ ಬರೀ ಗಂಜಿ. ಆಹಾ, ಗಂಜಿ ಮಾತ್ರ ನನ್ನ ಕೈಯಲ್ಲೂ ರುಚಿಯೇ! ಈ ಕೈಗುಣ ವಂಶದಲ್ಲೇ ಬಂದಿರಬೇಕು.

ಮಾತ್ರೆಯಿಂದ ಊದಿ ಮುಖ ಹುಣ್ಣಿಮೆಯ ಚಂದ್ರನಾಗಿದೆ. ಕನ್ನಡಿಯಲ್ಲಿ ನೋಡಿದರೆ ನಮ್ಮ ಶಾಲೆಯ ಗ್ಲೋಬು ನೆನಪಾಗುತ್ತದೆ. ಇದನ್ನು ಹೇಳಿ ನಗಿಸಲು ಮನೆಯಲ್ಲಿ ಯಾರೂ ಇಲ್ಲ. ಆಯಿ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಾಳೆ.

ಏಪ್ರಿಲ್ 16, ಗುರುವಾರ

ಮತ್ತೆ ಕ್ಯಾನು, ಮತ್ತೆ ಮಂಗಳೂರು.

ಉಪ್ಪು ಕಳೆದ ಸಲಕ್ಕಿಂತ ಹೆಚ್ಚು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಡುಗೆ ಯಾರು ಮಾಡ್ತಾರೆ?" ಎಂದು ಕೇಳಿದರು. "ನಾನೇ" ಎಂದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ನನ್ನ ಆ ಗ್ಲೋಬಿನಲ್ಲಿ ಎಲ್ಲಿ ನೋಡಬೇಕೆಂದು ಅವರಿಗೂ ತಿಳಿದಿರಲಿಕ್ಕಿಲ್ಲ. "ಇನ್ನೊಂದೇ ಪರೀಕ್ಷೆ ಉಳಿದಿದೆ. ಆಮೇಲೆ ಆ ಜಾಗ ಬೇರೆಯವರಿಗೆ ಕೊಡಬೇಕಾಗ್ತದೆ" ಎಂದರು.

ರೈಲಿನಲ್ಲಿ ಬರುವಾಗ ಭಯವಾಯಿತು. ಇಷ್ಟು ದಿನ ಆಗಿರಲಿಲ್ಲ, ಅಥವಾ ಆದದ್ದು ನನಗೆ ತಿಳಿದಿರಲಿಲ್ಲ. ನನಗೆ ಮೂವತ್ತೇಳು. ಯಂತ್ರಕ್ಕೆ ಕೈ ಕೊಟ್ಟು ಮಲಗುವ ಚಿತ್ರ ಕಣ್ಣೆದುರು ಬಂತು. ಆ ಚಿತ್ರದಲ್ಲಿ ಪಕ್ಕದ ಕುರ್ಚಿ ಖಾಲಿ ಇತ್ತು.

ಇನ್ನೊಂದು ವಿಷಯ. ಮೂರು ವಾರದಿಂದ ನೀತಾ ಮನೆಯಲ್ಲೇ ಇಲ್ಲ. ಉಪ್ಪು ಇದೆ.

ಏಪ್ರಿಲ್ 17

ಆಯಿಯ ಮೇಲೆ ಅನುಮಾನ ಬಂತು. ಬೆಳಿಗ್ಗೆ ಅವಳು ಗಂಜಿ ಬಡಿಸುವಾಗ ಕೈಯನ್ನೇ ನೋಡುತ್ತ ಕೂತೆ. "ಎಂತಾ ನೋಡ್ತೆ? ಸೊಸೆ ಓಡ್ಸಿ ಆಯ್ತು, ಈಗ ನನ್ನದೋ?" ಎಂದಳು. ತಲೆ ತಗ್ಗಿಸಿ ಉಂಡೆ.

ಏಪ್ರಿಲ್ 19, ಭಾನುವಾರ

ಕೋಡಿಬಾಗದಿಂದ ದೋಣಿ ಹಿಡಿದು ಕಾಳಿ ನದಿ ದಾಟಿ ದೇವಬಾಗಕ್ಕೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತು ಬಾಯಿಪಾಠ ಮಾಡಿದೆ. ಮೂರು ಬಗೆಯಲ್ಲಿ ತಯಾರಿಸಿದ್ದೆ: ಹಾಸ್ಯದ್ದು, ಗಂಭೀರದ್ದು, ಮತ್ತು ಅತ್ತೆ ಎದುರಿಗಿದ್ದರೆ ಹೇಳುವಂಥದ್ದು.

ನೀತಾ ಅಂಗಳದಲ್ಲಿ ಕೂತು ಮೀನು ಒಣಹಾಕುತ್ತಿದ್ದಳು. ನನ್ನ ಮುಖ ನೋಡಿ ಅವಳ ಕೈ ನಿಂತಿತು. ಮೂರು ವಾರದ ಹಿಂದೆ ಇಷ್ಟು ದುಂಡಗಿರಲಿಲ್ಲ. "ಕೂತ್ಕೊಳ್ಳಿ" ಎಂದಳು, ಅಷ್ಟೆ. ಅತ್ತೆ ವಾಡಿಕೆಯಂತೆ ಬೆಲ್ಲ ನೀರು ತಂದಿಟ್ಟರು. ಮಾತ್ರೆಯಿಂದ ಸಕ್ಕರೆ ಏರುತ್ತದೆಂದು ಬೆಲ್ಲ ಬಿಟ್ಟು ಬರೀ ನೀರು ಕುಡಿದೆ.

ಬಾಯಿಪಾಠ ಮಾಡಿದ್ದೆಲ್ಲ ಬಿಟ್ಟು ನನ್ನ ಬಾಯಿಂದ ಬಂದ ಮೊದಲ ಮಾತು, "ನಿಮ್ಮ ನೀರಿಗೆ ಎಂತಾ ಆಗಿದೆ? ರುಚಿಯೇ ಇಲ್ಲ, ಇಷ್ಟು ಸಪ್ಪೆ!"

ಅತ್ತೆ ನಕ್ಕರು. "ಅಳಿಯಂದಿರೇ, ನೀರು ಅಂದ್ರೆ ಸಪ್ಪೆಯೇ ಅಲ್ದೋ?"

ಲೋಟ ನನ್ನ ಕೈಯಲ್ಲೇ ಉಳಿಯಿತು. ನೀತಾ ಮೀನು ಬಿಟ್ಟು ಎದ್ದು ಬಂದಳು.

"ನಿಮ್ಮ ಮನೆ ನೀರು ಈ ಸಲ ಉಪ್ಪಾಗಿದೆ ಹೇಳಿ ನಾನು ಎಷ್ಟು ಸಲ ಹೇಳ್ದೆ? ನೀವು ಕೇಳ್ಲಿಲ್ಲ. ಆಯಿಗೆ ಹೇಳಿದ್ರೆ, ಅಜ್ಜನ ಬಾವಿಗೆ ಕೆಟ್ಟ ಹೆಸರಿಡ್ತೆಯಾ ಹೇಳ್ತ್ರು. ಆಮೇಲೆ ನನ್ನ ನಾಲಗೆಗೂ ರೂಢಿ ಆಯ್ತು, ಮರ್ತೇಹೋಯ್ತು. ಇಲ್ಲಿಗೆ ಬಂದ ದಿನ ನಂಗೂ ಈ ನೀರು ಸಪ್ಪೆ ಅನ್ಸಿತ್ತು."

ಒಂದು ಬಾಟಲಿ ದೇವಬಾಗದ ನೀರು ತೆಗೆದುಕೊಂಡು ಓಡಿಬಂದೆ. ದೋಣಿಯಲ್ಲಿ ಕೂತ ಮೇಲೆ ನೆನಪಾಯಿತು. ಕ್ಷಮೆ ಕೇಳಲು ಹೋದವನು ನೀರು ಕೇಳಿಕೊಂಡು ಬಂದಿದ್ದೆ.

ಏಪ್ರಿಲ್ 20, ಸೋಮವಾರ

ರಜೆ. ದೇವಾನಂದರಿಂದ ಶಾಲೆಯ ಪ್ರಯೋಗಾಲಯದ ಕೀಲಿ ಇಸಿದುಕೊಂಡೆ. ಅವರೂ ಜೊತೆಗೆ ಬಂದರು. ಒಂದು ನಳಿಕೆಯಲ್ಲಿ ದೇವಬಾಗದ ನೀರು, ಇನ್ನೊಂದರಲ್ಲಿ ಅಜ್ಜನ ಬಾವಿಯದ್ದು. ಎರಡಕ್ಕೂ ಸಿಲ್ವರ್ ನೈಟ್ರೇಟ್ ಬಿಟ್ಟೆ. ಉಪ್ಪಿದ್ದರೆ ಬೆಳ್ಳಗಾಗುತ್ತದೆ ಎಂದು ಹತ್ತನೆಯ ತರಗತಿಗೆ ವರ್ಷವರ್ಷ ನಾನೇ ತೋರಿಸುವ ಪ್ರಯೋಗ. ದೇವಬಾಗದ ನೀರು ತುಸು ಮಬ್ಬಾಯಿತು. ನಮ್ಮದು ಮೊಸರಾಯಿತು.

"ಕಿಶೋರಾ, ಇದ್ರಲ್ಲಿ ಮೀನು ಸಾಕ್ಬಹುದಿತ್ತಲ್ಲೋ" ಎಂದರು ದೇವಾನಂದ.

ಕುಪ್ಪ ಮಾಮನ ಬಾವಿಗೂ ನಮ್ಮದಕ್ಕೂ ನಡುವೆ ಇರುವುದು ಒಂದು ಬೇಲಿ. ನೆಲದಡಿಯ ನೀರಿಗೆ ಬೇಲಿ ಕಾಣುವುದಿಲ್ಲ ಎಂದು ಏಳನೆಯ ತರಗತಿಯ ಪುಸ್ತಕದಲ್ಲೇ ಇದೆ. ಅವನ ಬಾವಿ ಸವಳಾದಾಗ ನಾನು ಪಾಪ ಎಂದಿದ್ದೆ. ಉಪ್ಪಿನ ಕಳ್ಳನನ್ನು ಹಿಡಿಯಲು ಭರಣಿಗೆ ಗೆರೆ ಎಳೆದವನು, ದಿನಕ್ಕೆ ಮೂರು ಸಲ ಕಳ್ಳನನ್ನೇ ತಟ್ಟೆಗೆ ಸುರಿದುಕೊಂಡು, ತಿಳಿಯನ್ನೂ ಬಿಡದೆ ಕುಡಿದಿದ್ದೇನೆ.

ಏಪ್ರಿಲ್ 21

ಆಯಿಗೆ ಹೇಳಿದೆ. "ಆ ಬಾವಿ ನಿನ್ನ ಅಪ್ಪ ಹುಟ್ಟೂಕೆ ಮುಂಚೆ ತೋಡಿದ್ದು. ಬರಗಾಲದಲ್ಲಿ ಊರೆಲ್ಲ ಅದ್ರ ನೀರು ಕುಡ್ದದೆ" ಎಂದಳು. ಶಾಲೆಯಿಂದ ತಂದ ನಳಿಕೆ ತೋರಿಸಿದೆ. ಬಹಳ ಹೊತ್ತು ನೋಡಿದಳು. ರಾತ್ರಿ ಊಟ ಮಾಡಲಿಲ್ಲ.

ಏಪ್ರಿಲ್ 22

ಬೆಳಿಗ್ಗೆ ಎದ್ದು ನೋಡಿದರೆ ಆಯಿ ಮನೆಯಲ್ಲಿಲ್ಲ. ಗುಡ್ಡದ ಬುಡದ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದಳು, ಸೊಂಟಕ್ಕೆ ಕೈ ಕೊಟ್ಟುಕೊಂಡು, ದಾರಿಯಲ್ಲಿ ಎರಡು ಕಡೆ ನಿಂತು. ಅಜ್ಜನ ಬಾವಿಯ ಹಗ್ಗವನ್ನು ಸುತ್ತಿ ಅಟ್ಟಕ್ಕೆ ಹಾಕಿದ್ದಳು. ಕೊಡ ಇಳಿಸಿಕೊಳ್ಳಲು ಹೋದೆ. "ನೀನು ಎತ್ತಬೇಡ, ಕಾಲು ಬಾತದೆ" ಎಂದು ಗದರಿದಳು. ನನಗೆ ಅಳು ಬಂತು. ಸ್ಟಿರಾಯ್ಡಿನ ಪರಿಣಾಮವಿರಬೇಕು.

ಏಪ್ರಿಲ್ 30, ಗುರುವಾರ

ಲೋಕಸಭೆಗೆ ಮತದಾನ. ಈ ಸಲ ನನಗೆ ಚುನಾವಣೆ ಕೆಲಸದಿಂದ ವಿನಾಯಿತಿ. ರೋಗದಿಂದ ಆದ ಒಂದೇ ಲಾಭ ಇದು, ಸಹೋದ್ಯೋಗಿಗಳೆಲ್ಲ ನನ್ನ ಕಿಡ್ನಿಯನ್ನು ಅಸೂಯೆಯಿಂದ ನೋಡುತ್ತಿದ್ದಾರೆ.

ಹನ್ನೊಂದರ ಸುಮಾರಿಗೆ ಬೂತಿನ ಸಾಲಿನಲ್ಲಿ ನೀತಾ ಕಂಡಳು. ಕೈಯಲ್ಲಿ ಚೀಲ.

"ಓಟಿಗೆ ಬಂದೆ. ನನ್ನ ಹೆಸರು ಇಲ್ಲಿಯ ಪಟ್ಟಿಯಲ್ಲೇ ಅದೆ" ಎಂದಳು.

"ಗೊತ್ತದೆ" ಎಂದೆ.

ಬೆರಳಿಗೆ ಶಾಯಿ ಹಾಕಿಸಿಕೊಂಡು ಹೊರಬಂದವಳು ಬಸ್‌ಸ್ಟ್ಯಾಂಡಿನ ಕಡೆ ತಿರುಗಲಿಲ್ಲ. ಮನೆಗೆ ಬಂದು ಮೊದಲು ಕೊಡದ ನೀರು ಕುಡಿದು ನೋಡಿದಳು. ಆಮೇಲೆ ಚೀಲ ಒಳಗಿಟ್ಟಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕ್ಷಮೆಯ ಮಾತು ಹುಡುಕುತ್ತಿದ್ದೆ. ಅವಳು ನನ್ನ ಸೋರೆಕಾಯಿಯ ಪಾತ್ರೆಯ ಮುಚ್ಚಳ ತೆಗೆದು, "ಇದು ಎಂತಾ, ಪ್ರಯೋಗವೋ?" ಎಂದಳು. ಸಮಯ ತಪ್ಪಿಹೋಯಿತು.

ಮೇ 29, ಶುಕ್ರವಾರ

ಉಪ್ಪು ಅರ್ಧಕ್ಕಿಂತ ಕೆಳಗೆ. ಕಾಲಿನ ಊತ ಇಳಿದಿದೆ. ಡಾ. ವಿಜೇತಾ ಬಾವಿಯ ಕಥೆ ಕೇಳಿ ನಗುತ್ತಲೇ ಬರೆದುಕೊಂಡರು. ಇನ್ನು ಕರಾವಳಿಯಿಂದ ಯಾರು ಬಂದರೂ ಮೊದಲು ನೀರಿನ ವಿಷಯ ಕೇಳುತ್ತಾರಂತೆ. ಅಧ್ಯಯನದಲ್ಲಿ ನನಗೆ ಜಾಗ ಸಿಕ್ಕಿತು.

ನೀತಾಗೆ ಹೇಳಿದಾಗ ಅವಳು ಕೇಳಿದ್ದು ಒಂದೇ, "ಇಂಜೆಕ್ಷನ್ ದಿನ ನಾನೂ ಬರ್ಬಹುದೋ?" ಬರಬಹುದೋ ಎಂದು ಕೇಳಬೇಕಾಗಿ ಬಂತಲ್ಲ ಎಂದು ಸಂಕಟವಾಯಿತು.

ಆಗಸ್ಟ್ 12, ಬುಧವಾರ

ಮಂಗಳೂರಿನ ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಎಡಗೈಗೆ ಸೂಜಿ, ಬಲಗೈಗೆ ಪೆನ್ನು. ಬಿ ಕೋಶಗಳನ್ನು ಹುಡುಕಿಕೊಂಡು ಹೋಗುವ ಔಷಧಿ ತೊಟ್ಟು ತೊಟ್ಟಾಗಿ ಇಳಿಯುತ್ತಿದೆ. ಹೊರಗೆ ಧೋ ಎಂದು ಮಳೆ. ಪಕ್ಕದ ಕುರ್ಚಿಯಲ್ಲಿ ನೀತಾ. ಇದು ನಾಟುತ್ತದೋ ಇಲ್ಲವೋ ತಿಳಿಯಲು ತಿಂಗಳುಗಳು ಬೇಕಂತೆ. ಹೆದರಿಕೆ ಇದೆ, ಆದರೆ ಏಪ್ರಿಲಿನ ರೈಲಿನ ಹೆದರಿಕೆಯಲ್ಲ.

ಬೆಳಿಗ್ಗೆ ಡಾ. ವಿಜೇತಾ ಹುರುಪಿನಿಂದ ಬಂದರು. "ಕಿಶೋರ್, ಗುರಿ ಸಿಕ್ಕಿತು! ನಮಗಲ್ಲ, ಅಮೆರಿಕದವರಿಗೆ. ಹೋದ ತಿಂಗಳು ಪ್ರಕಟವಾಗಿದೆ." ಸೋಸುವ ಕೋಶದ ಮೈಮೇಲೆ ಇರುವ ಒಂದು ಪ್ರೋಟೀನು. ನನ್ನಂಥವರಲ್ಲಿ ಹೆಚ್ಚಿನವರ ಬಾಣಗಳೆಲ್ಲ ಹೋಗಿ ನಾಟುವುದು ಅದಕ್ಕೇ. ಮೇಷ್ಟರಿಗೆ ಅರ್ಥವಾಗಲೆಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

"ಅದು ಏನು ತಪ್ಪು ಮಾಡಿತ್ತು ಡಾಕ್ಟ್ರೇ?" ಎಂದು ಕೇಳಿದೆ.

"ಯಾವುದು?"

"ಆ ಪ್ರೋಟೀನು. ಎಲ್ಲ ಬಿಟ್ಟು ಅದರ ಮೇಲೇ ಬಾಣ ಬಿಡಬೇಕಾದರೆ ಏನಾದರೂ ಮಾಡಿರಬೇಕಲ್ಲ."

ಅವರು ಚಿತ್ರದ ಮೇಲೆ ಬೆರಳಿಟ್ಟರು. "ಏನೂ ಮಾಡಿಲ್ಲ. ಅದು ನಿಮ್ಮದೇ ಮನೆಯದ್ದು. ಇಷ್ಟು ವರ್ಷ ನಿಮ್ಮನ್ನು ಕಾಯುವ ಜಾಗದಲ್ಲೇ ನಿಂತಿತ್ತು, ಅಷ್ಟೆ. ತಪ್ಪು ತಿಳಿದದ್ದು ನಿಮ್ಮ ಪಡೆ."

ಅವರು ಬೇರೆ ರೋಗಿಯ ಕಡೆ ಹೋದರು. ನೀತಾ ಮನೆಯಿಂದ ತಂದ ನೀರನ್ನು ಬಾಟಲಿಯಿಂದ ಲೋಟಕ್ಕೆ ಬಗ್ಗಿಸುತ್ತಿದ್ದಳು. ಗುಡ್ಡದ ಬಾವಿಯದ್ದು. ಇಲ್ಲಿಯ ನೀರು ಹೇಗಿರುತ್ತದೋ ಎಂದು ನಿನ್ನೆಯೇ ಕಾಯಿಸಿ ತುಂಬಿಟ್ಟಿದ್ದಳು. ಕುಡಿದೆ. ಸಪ್ಪೆ ಇತ್ತು. ಮೂರು ಬಗೆಯ ಕ್ಷಮೆಯಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ನೀನು ಉಪ್ಪು ಹಾಕಿರ್ಲಿಲ್ಲ" ಎಂದೆ.

"ನಂಗೆ ಗೊತ್ತದೆ."

"ಕೊಲ್ಲೂಕೆ ನೋಡ್ತಿದ್ದೀಯ ಹೇಳಿ ಅಂದೆನಲ್ಲ, ಯುಗಾದಿ ದಿನ. ಅದು ಮಾತ್ರೆ ಆಡಿದ ಮಾತಲ್ಲ. ನಾನೇ ಆಡಿದ್ದು. ತಪ್ಪಾಯ್ತು ನೀತಾ."

ಅವಳು ಲೋಟ ತೆಗೆದುಕೊಂಡು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು. ಆಮೇಲೆ ನನ್ನ ಎಡಗೈಯನ್ನು ಹಿಡಿದು ಹಾಸಿಗೆಯ ಮೇಲೆ ಸರಿಯಾಗಿ ಇಟ್ಟಳು.

"ಹೇಳಿದ್ರಲ್ಲ, ಸಾಕು. ಕೈ ಅಲ್ಲಾಡಿಸ್ಬೇಡಿ, ಸೂಜಿ ಅದೆ" ಎಂದಳು.